ಹನ್ನೆರಡು ವಾಕ್ಯ ಮತ್ತು ಒಂದು ಕಟ್ಟೆ: ಮಂಡ್ಯದ ಹುಡುಗ ಇಂಗ್ಲಿಷ್ ವಾಕ್ಯ ಜೋಡಿಸಿದ ಕಥೆ

ಸೆಪ್ಟೆಂಬರ್ 15 ಹತ್ತಿರ ಬಂತು ಅಂದ್ರೆ ನಮ್ಮ ಕಡೆಯ ಶಾಲೆ ಕಾಲೇಜುಗಳಲ್ಲಿ ಒಂದೇ ಪ್ರಬಂಧ. ಸರ್ ಎಂ. ವಿಶ್ವೇಶ್ವರಯ್ಯ. ಎಂಜಿನಿಯರ್‌ಗಳ ದಿನ ಅಲ್ವಾ, ಯಾರಾದರೂ ಭಾಷಣ ಮಾಡಲೇಬೇಕು, ಅದೂ ಇಂಗ್ಲಿಷ್‌ನಲ್ಲಿ. ಆ ವರ್ಷ ಆ ಕೆಲಸ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುತ್ತಿದ್ದ ಹುಡುಗನ ತಲೆಗೆ ಬಿತ್ತು.

ಹೆಸರು ಬೇಡ. ಮಂಡ್ಯದ ಹತ್ತಿರದ ಹಳ್ಳಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್. ಲೆಕ್ಕದಲ್ಲಿ ಚುರುಕು. ಡ್ರಾಯಿಂಗ್ ಶೀಟ್ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೊಕ್ಕ. ಇಂಗ್ಲಿಷ್ ಮಾತ್ರ ಬಾಯಿಗೆ ಬರುವುದಿಲ್ಲ. ಬರೆಯುವಾಗ ಒಂದು ಉಪಾಯ ಮಾಡಿಕೊಂಡಿದ್ದ. ವಾಕ್ಯ ಚಿಕ್ಕದಾದಷ್ಟೂ ತಪ್ಪು ಕಡಿಮೆ. ಹಾಗಾಗಿ ಐದಾರು ಪದಕ್ಕೆ ಒಂದು ಫುಲ್‌ಸ್ಟಾಪ್.

ಅವನು ಬರೆದುಕೊಂಡು ಹೋಗಿದ್ದ ಭಾಷಣ ಇದು, ಅವನ ಮಾತಲ್ಲೇ:

"ವಿಶ್ವೇಶ್ವರಯ್ಯ ವಾಸ್ ಬಾರ್ನ್ ಇನ್ ಮುದ್ದೇನಹಳ್ಳಿ. ಇಟ್ ಈಸ್ ಅ ವಿಲೇಜ್ ನಿಯರ್ ಚಿಕ್ಕಬಳ್ಳಾಪುರ. ಹಿಸ್ ಫ್ಯಾಮಿಲಿ ವಾಸ್ ಪೂರ್. ಹೀ ಸ್ಟಡೀಡ್ ವೆಲ್. ಹೀ ವೆಂಟ್ ಟು ಪೂನಾ. ಹೀ ಸ್ಟಡೀಡ್ ಎಂಜಿನಿಯರಿಂಗ್ ದೇರ್. ಹೀ ಬಿಕೇಮ್ ಚೀಫ್ ಎಂಜಿನಿಯರ್ ಆಫ್ ಮೈಸೂರ್ ಇನ್ 1909. ದ ಮಹಾರಾಜ ಮೇಡ್ ಹಿಮ್ ದಿವಾನ್ ಇನ್ 1912. ಹೀ ಬಿಲ್ಟ್ ಅ ಡ್ಯಾಮ್ ಅಟ್ ಕನ್ನಂಬಾಡಿ. ದ ವಾಟರ್ ಕೇಮ್ ಟು ಮಂಡ್ಯ. ದ ಫಾರ್ಮರ್ಸ್ ಗ್ರೂ ಪ್ಯಾಡಿ ಅಂಡ್ ಶುಗರ್‌ಕೇನ್. ಹೀ ಗಾಟ್ ಭಾರತ ರತ್ನ ಇನ್ 1955."

ಹನ್ನೆರಡು ವಾಕ್ಯ. ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಜೋರಾಗಿ ಓದಿ ನೋಡಿ. ಒಂದೊಂದೇ ಇಟ್ಟಿಗೆ ಎತ್ತಿ ನೆಲಕ್ಕೆ ಹಾಕಿದ ಹಾಗೆ ಕೇಳುತ್ತದೆ. ಅವನ ಮೇಷ್ಟ್ರು ಹಾಳೆಯ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪದ ಬರೆದು ವಾಪಸ್ ಕೊಟ್ಟಿದ್ದರು. "ಕಂಬೈನ್." ಯಾವುದನ್ನು ಯಾವುದಕ್ಕೆ, ಹೇಗೆ, ಯಾಕೆ ಅಂತ ಏನೂ ಇಲ್ಲ.

ಮೊದಲ ಎರಡು ಪ್ರಯತ್ನ

ಅವನು ನನ್ನ ಹತ್ತಿರ ಬರುವ ಮೊದಲೇ ಎರಡು ಸಲ ಜೋಡಿಸಿ ನೋಡಿದ್ದ. ಎರಡೂ ಹಾಳೆ ತಂದು ಮುಂದೆ ಇಟ್ಟ.

ಮೊದಲನೆಯದರಲ್ಲಿ ಎಲ್ಲ ಫುಲ್‌ಸ್ಟಾಪ್ ತೆಗೆದು "ಅಂಡ್" ಹಾಕಿದ್ದ. ಮುದ್ದೇನಹಳ್ಳಿಯಿಂದ ಭಾರತ ರತ್ನದವರೆಗೆ ಒಂದೇ ಉಸಿರು. ಹನ್ನೊಂದು ಅಂಡ್. ಭತ್ತ ಕಬ್ಬಿನ ನಡುವಿನದು ಮೊದಲೇ ಇತ್ತು, ಅದನ್ನು ಸೇರಿಸಿದರೆ ಹನ್ನೆರಡು.

ಎರಡನೆಯದು ಒಂದು ಗೈಡ್ ನೋಡಿಕೊಂಡು ಮಾಡಿದ್ದು. ಅದರಲ್ಲಿ ಒಂದು ಪಟ್ಟಿ ಇತ್ತಂತೆ. ಸಿಂಪಲ್ ಮಾಡಲು "ಹ್ಯಾವಿಂಗ್" ಹಾಕಿ, ಕಾಂಪೌಂಡ್‌ಗೆ "ಬಟ್" ಹಾಕಿ, ಕಾಂಪ್ಲೆಕ್ಸ್‌ಗೆ "ದೋ", "ವೇರ್", "ವಿಚ್" ಹಾಕಿ ಅಂತ. ಪಾಪ, ಎಲ್ಲವನ್ನೂ ಹಾಕಿದ್ದ.

"ಹ್ಯಾವಿಂಗ್ ಬಾರ್ನ್ ಇನ್ ಮುದ್ದೇನಹಳ್ಳಿ, ಹಿಸ್ ಫ್ಯಾಮಿಲಿ ವಾಸ್ ಪೂರ್. ದೋ ಹಿಸ್ ಫ್ಯಾಮಿಲಿ ವಾಸ್ ಪೂರ್ ಬಟ್ ಹೀ ಸ್ಟಡೀಡ್ ವೆಲ್. ಹೀ ವೆಂಟ್ ಟು ಪೂನಾ ವೇರ್ ಹೀ ಸ್ಟಡೀಡ್ ಎಂಜಿನಿಯರಿಂಗ್ ದೇರ್. ಹ್ಯಾವಿಂಗ್ ಕಮ್ ದ ವಾಟರ್ ಟು ಮಂಡ್ಯ, ದ ಫಾರ್ಮರ್ಸ್ ಗ್ರೂ ಪ್ಯಾಡಿ ಅಂಡ್ ಶುಗರ್‌ಕೇನ್."

ಒಂದೂ ತಪ್ಪಿಲ್ಲದ ಹುಡುಗ ನಾಲ್ಕು ವಾಕ್ಯದಲ್ಲಿ ನಾಲ್ಕು ತಪ್ಪು ಮಾಡಿದ್ದ. "ಮೇಡಂ, ಮೊದಲೇ ಚೆನ್ನಾಗಿತ್ತು ಅಲ್ವಾ?" ಅಂದ. ಅವನ ಮಾತಿನಲ್ಲಿ ನ್ಯಾಯ ಇತ್ತು.

ಈ ನಾಲ್ಕು ತಪ್ಪುಗಳನ್ನು ನಾನು ಈ ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಕನ್ನಡದಲ್ಲಿ ಯೋಚಿಸುವವರು ಇಂಗ್ಲಿಷ್ ವಾಕ್ಯ ಜೋಡಿಸುವಾಗ ಕಾಲು ಜಾರುವುದು ಹೆಚ್ಚಾಗಿ ಈ ಜಾಗಗಳಲ್ಲೇ. ಅದಕ್ಕೇ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಗೊತ್ತಿದ್ದದ್ದೇ, ಬೇರೆ ಹೆಸರಲ್ಲಿ

ಮೊದಲ ಸಂಜೆ ಇಂಗ್ಲಿಷ್ ಪುಸ್ತಕ ಮುಚ್ಚಿಸಿದೆ. "ಸಿಂಪಲ್ ಅಂದ್ರೇನು?" ಅಂತ ಕೇಳಿದೆ. "ಚಿಕ್ಕದು, ಸುಲಭದ್ದು." "ಕಾಂಪ್ಲೆಕ್ಸ್?" "ಉದ್ದದ್ದು, ಕಷ್ಟದ್ದು."

ಇದು ಬಹಳ ಜನರ ತಲೆಯಲ್ಲಿ ಇರುವ ತಪ್ಪು ತಿಳಿವಳಿಕೆ. ಆ ಹೆಸರುಗಳು ಮಾಡುವ ಮೋಸವೇ ಹಾಗೆ. "ಐ ನೋ ಹೀ ಕೇಮ್" ಅನ್ನುವುದರಲ್ಲಿ ನಾಲ್ಕೇ ಪದ ಇವೆ, ಅದು ಕಾಂಪ್ಲೆಕ್ಸ್. "ಹ್ಯಾವಿಂಗ್ ಸ್ಟಡೀಡ್ ಎಂಜಿನಿಯರಿಂಗ್ ಅಟ್ ಪೂನಾ, ವಿಶ್ವೇಶ್ವರಯ್ಯ, ಅ ಬಾಯ್ ಫ್ರಮ್ ಅ ಪೂರ್ ಫ್ಯಾಮಿಲಿ ಇನ್ ಮುದ್ದೇನಹಳ್ಳಿ, ಜಾಯಿನ್ಡ್ ದ ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟ್ ಇನ್ ಬಾಂಬೆ" ಅನ್ನುವುದು ಮೂರು ಸಾಲು ಹಿಡಿಯುತ್ತದೆ, ಆದರೂ ಅದು ಸಿಂಪಲ್.

ಹುಡುಗ ನನ್ನನ್ನು ಅನುಮಾನದಿಂದ ನೋಡಿದ.

ಆಮೇಲೆ ಕೇಳಿದೆ: "ಹತ್ತನೇ ತರಗತಿ ಕನ್ನಡದಲ್ಲಿ ವಾಕ್ಯದ ವಿಧ ಓದಿದ್ದೀಯಲ್ಲ, ಹೇಳು." ಗಿಳಿಪಾಠ ಒಪ್ಪಿಸಿದ. ಒಂದು ಪೂರ್ಣಕ್ರಿಯಾಪದ ಇದ್ದು ಸ್ವತಂತ್ರವಾಗಿ ನಿಂತರೆ ಸಾಮಾನ್ಯ ವಾಕ್ಯ. ಸ್ವತಂತ್ರವಾಗಿ ನಿಲ್ಲಬಲ್ಲ ವಾಕ್ಯಗಳು ಸೇರಿದರೆ ಸಂಯೋಜಿತ ವಾಕ್ಯ. ಒಂದು ಪ್ರಧಾನ ವಾಕ್ಯ ಇದ್ದು ಉಳಿದವು ಅದಕ್ಕೆ ಅಧೀನವಾಗಿದ್ದರೆ ಮಿಶ್ರ ವಾಕ್ಯ. ಹೇಳುತ್ತಾ ಹೇಳುತ್ತಾ ಅರ್ಧದಲ್ಲಿ ನಿಂತ. "ಅದೇನಾ ಇದು?"

ಅದೇ. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಕನ್ನಡ ಮೇಷ್ಟ್ರು ಒಂದು ಪೀರಿಯಡ್‌ನಲ್ಲಿ ಹೇಳಿಕೊಟ್ಟಿದ್ದನ್ನೇ ಇಂಗ್ಲಿಷ್ ಮೇಷ್ಟ್ರು ಮುಂದಿನ ಪೀರಿಯಡ್‌ನಲ್ಲಿ ಹೊಸ ಹೆಸರಲ್ಲಿ ಹೇಳಿದ್ದರು. ಎರಡೂ ಒಂದೇ ಅಂತ ಇಬ್ಬರಲ್ಲಿ ಒಬ್ಬರೂ ಹೇಳಿರಲಿಲ್ಲ.

ಇನ್ನೊಂದು ವಿಷಯ ಆಗಲೇ ಗೊತ್ತಾಗಿದ್ದು. "ಮೇನ್ ಕ್ಲಾಸ್", "ಸಬಾರ್ಡಿನೇಟ್ ಕ್ಲಾಸ್" ಅಂತ ಪಾಠದಲ್ಲಿ ಕೇಳಿದಾಗಲೆಲ್ಲ ಅವನು ಅದನ್ನು ಕೂತುಕೊಳ್ಳುವ ಕ್ಲಾಸು ಅಂದುಕೊಂಡಿದ್ದ. ನಮ್ಮ ಬಾಯಲ್ಲಿ clause, class ಎರಡರ ಉಚ್ಚಾರವೂ ಒಂದೇ ಆಗಿಬಿಟ್ಟಿದೆ, ತಪ್ಪೇನು. ಅವತ್ತಿಂದ ನಾವು "ಉಪವಾಕ್ಯ" ಅಂತಲೇ ಅಂದೆವು.

ಅಳೆಯಲು ಒಂದೇ ಕೋಲು ಸಾಕು: ಪೂರ್ಣಕ್ರಿಯಾಪದ ಎಷ್ಟಿವೆ ಅಂತ ಎಣಿಸುವುದು. "ಹೋಗಿ", "ಓದಿ", "ಬಂದು" ಇವುಗಳಿಗೆ ಕಾಲವೂ ಇಲ್ಲ, ಯಾರು ಅನ್ನುವ ಗುರುತೂ ಇಲ್ಲ. ಅವು ಎಣಿಕೆಗೆ ಬರುವುದಿಲ್ಲ. "ಹೋದರು" ಬರುತ್ತದೆ. ಇಂಗ್ಲಿಷ್‌ನಲ್ಲೂ ಹಾಗೇ. "ಗೋಯಿಂಗ್", "ಹ್ಯಾವಿಂಗ್ ಗಾನ್", "ಟು ಗೋ" ಎಣಿಕೆಗೆ ಇಲ್ಲ, "ವೆಂಟ್" ಉಂಟು. ಈ ಕೋಲು ಹಿಡಿದು ಅವನೇ ಕಂಡುಹಿಡಿದ: ಭತ್ತ ಕಬ್ಬಿನ ವಾಕ್ಯದಲ್ಲಿ "ಅಂಡ್" ಇದ್ದರೂ ಅದು ಕಾಂಪೌಂಡ್ ಆಗಲ್ಲ. "ಗ್ರೂ" ಒಂದೇ ಕ್ರಿಯಾಪದ. ಆ ಅಂಡ್ ಜೋಡಿಸಿದ್ದು ಎರಡು ಬೆಳೆಗಳನ್ನು ಅಷ್ಟೇ. ಎಷ್ಟೋ ಮಕ್ಕಳು ಪರೀಕ್ಷೆಯಲ್ಲಿ ಅಂಡ್ ಕಂಡ ಕೂಡಲೇ ಕಾಂಪೌಂಡ್ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ.

"ಹೀ ವೆಂಟ್ ಟು ಪೂನಾ ಅಂಡ್ ಸ್ಟಡೀಡ್" ಅಂದಾಗ ಮಾತ್ರ ತಕರಾರು ಶುರುವಾಗುತ್ತದೆ. ಒಬ್ಬನೇ ಕರ್ತೃ, ಎರಡು ಕ್ರಿಯಾಪದ. ಕೆಲವು ಪುಸ್ತಕ ಇದನ್ನು ಕಾಂಪೌಂಡ್ ಅನ್ನುತ್ತವೆ, ಕೆಲವು ಸಿಂಪಲ್ ಅನ್ನುತ್ತವೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕ ಹೇಳಿದ ಹಾಗೆ ಬರೆಯಿರಿ, ಭಾಷಣದಲ್ಲಿ ಯಾರೂ ಕೇಳಲ್ಲ.

ಒಂದು ಸಾಕು, ಎರಡು ಯಾಕೆ

ಎರಡನೇ ಸಂಜೆ ನಾಲ್ಕು ತಪ್ಪುಗಳಲ್ಲಿ ಸುಲಭದ್ದನ್ನು ಮೊದಲು ಹಿಡಿದೆವು.

"ದೋ ಹಿಸ್ ಫ್ಯಾಮಿಲಿ ವಾಸ್ ಪೂರ್ ಬಟ್ ಹೀ ಸ್ಟಡೀಡ್ ವೆಲ್." ಇದನ್ನು ಕನ್ನಡಕ್ಕೆ ತಿರುಗಿಸು ಅಂದೆ. "ಮನೆಯವರು ಬಡವರಾಗಿದ್ದರೂ, ಆದರೆ ಅವರು ಚೆನ್ನಾಗಿ ಓದಿದರು." ಹೇಳಿದ ತಕ್ಷಣ ಅವನಿಗೇ ನಗು ಬಂತು. ಕನ್ನಡದಲ್ಲಿ ಹಾಗೆ ಯಾರೂ ಅನ್ನಲ್ಲ. "ಬಡವರಾಗಿದ್ದರೂ ಓದಿದರು" ಅಂತೀವಿ, ಇಲ್ಲಾಂದ್ರೆ "ಬಡವರಾಗಿದ್ದರು, ಆದರೆ ಓದಿದರು" ಅಂತೀವಿ. "ರೂ" ಬಂದರೆ "ಆದರೆ"ಗೆ ಕೆಲಸ ಇಲ್ಲ. ಇಂಗ್ಲಿಷ್‌ನ "ದೋ" ಅಂದ್ರೆ ನಮ್ಮ "ರೂ", "ಬಟ್" ಅಂದ್ರೆ ನಮ್ಮ "ಆದರೆ". ನಮ್ಮದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, ಅವರದ್ದು ಉಪವಾಕ್ಯದ ತಲೆ ಮೇಲೆ ಕೂರುತ್ತದೆ. ವ್ಯತ್ಯಾಸ ಅಷ್ಟೇ. "ಬಿಕಾಸ್" ಹಾಕಿ "ಸೋ" ಹಾಕುವವರದ್ದೂ ಇದೇ ಕಾಯಿಲೆ, ಇದೇ ಮದ್ದು.

ಈ ಎರಡು ವಾಕ್ಯವನ್ನು ಮೂರು ಥರ ಜೋಡಿಸಿಸಿದೆ. ಸಿಂಪಲ್: "ಇನ್ ಸ್ಪೈಟ್ ಆಫ್ ಹಿಸ್ ಪಾವರ್ಟಿ, ಹೀ ಸ್ಟಡೀಡ್ ವೆಲ್." ಕಾಂಪೌಂಡ್: "ಹಿಸ್ ಫ್ಯಾಮಿಲಿ ವಾಸ್ ಪೂರ್, ಬಟ್ ಹೀ ಸ್ಟಡೀಡ್ ವೆಲ್." ಕಾಂಪ್ಲೆಕ್ಸ್: "ದೋ ಹಿಸ್ ಫ್ಯಾಮಿಲಿ ವಾಸ್ ಪೂರ್, ಹೀ ಸ್ಟಡೀಡ್ ವೆಲ್." ಮೂರೂ ಸರಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮೂರೂ ಒಂದೇನಾ?

"ದೋ"ವನ್ನು ಕಿತ್ತು ಇನ್ನೊಂದು ಕಡೆ ಇಟ್ಟೆ. "ದೋ ಹೀ ಸ್ಟಡೀಡ್ ವೆಲ್, ಹಿಸ್ ಫ್ಯಾಮಿಲಿ ವಾಸ್ ಪೂರ್." ಚೆನ್ನಾಗಿ ಓದಿದರೂ ಮನೆಯಲ್ಲಿ ಬಡತನ. ವ್ಯಾಕರಣ ಸರಿಯಾಗೇ ಇದೆ. ಆದರೆ ಕೇಳುವವರು ಈಗ ಮುಂದಿನ ಮಾತಿಗೆ ಕಾಯುತ್ತಾರೆ: ಆಮೇಲೆ ಆ ಮನೆಯವರು ಏನು ಮಾಡಿದರು, ಸಾಲ ಮಾಡಿದರಾ, ಊರು ಬಿಟ್ಟರಾ? ಓದಿನ ಕಥೆ ಹೋಗಿ ಬಡತನದ ಕಥೆ ಆಯಿತು. ಭಾರ ಎಲ್ಲಿ ಬೀಳುತ್ತೆ ಅನ್ನುವುದನ್ನು ತೀರ್ಮಾನ ಮಾಡುವುದು ಪ್ರಧಾನ ವಾಕ್ಯ. ಸಿವಿಲ್ ಓದುವ ಹುಡುಗನಿಗೆ ಇದು ನಾನು ಹೇಳುವ ಮೊದಲೇ ಹೊಳೆಯಿತು. "ಲೋಡ್ ಬೇರಿಂಗ್ ಗೋಡೆ ಯಾವುದು, ಪಾರ್ಟಿಷನ್ ಯಾವುದು, ಅಷ್ಟೇ ಅಲ್ವಾ ಮೇಡಂ" ಅಂದ. ಅವತ್ತಿಂದ ನಾನೂ ಬೇರೆ ಮಕ್ಕಳಿಗೆ ಹಾಗೇ ಹೇಳಿಕೊಡುತ್ತಿದ್ದೇನೆ.

"ವೇರ್ ಹೀ ಸ್ಟಡೀಡ್ ಎಂಜಿನಿಯರಿಂಗ್ ದೇರ್" ಇದರದ್ದು ಸ್ವಲ್ಪ ಬೇರೆ ಕಥೆ. ಕನ್ನಡದಲ್ಲಿ "ಎಲ್ಲಿ ಓದಿದರೋ ಅಲ್ಲಿ" ಅನ್ನುವ ಜೋಡಿ ಇದೆ. "ಯಾರು ಬಂದರೋ ಅವರು", "ಯಾವುದು ಬೇಕೋ ಅದು". ಆ ಜೋಡಿಯ ಅಭ್ಯಾಸದಲ್ಲಿ ಇಂಗ್ಲಿಷ್‌ನಲ್ಲೂ "ವೇರ್" ಬಂದರೆ "ದೇರ್" ಬೇಕು, "ವಿಚ್" ಬಂದರೆ "ಇಟ್" ಬೇಕು ಅಂತ ಕೈ ತಾನೇ ಬರೆದುಬಿಡುತ್ತದೆ. ಆದರೆ ನಾವು ದಿನಾ ಜಾಸ್ತಿ ಬಳಸುವುದು ಇನ್ನೊಂದು ರೀತಿ: "ಅವರು ಓದಿದ ಪೂನಾ", "ನಿನ್ನೆ ಬಂದ ಹುಡುಗ", "ಕಾವೇರಿ ನೀರು ಕುಡಿಯುವ ಊರು". ಇದರಲ್ಲಿ "ಅಲ್ಲಿ" ಇಲ್ಲ, "ಅವನು" ಇಲ್ಲ. ಇಂಗ್ಲಿಷ್‌ಗೆ ಹೋಗುವಾಗ ಈ ದಾರಿ ಹಿಡಿ ಅಂದೆ. ಒಂದೇ ಬದಲಾವಣೆ. ನಾವು ವಿವರ ಮೊದಲು ಹೇಳಿ ಹೆಸರು ಆಮೇಲೆ ಹೇಳುತ್ತೀವಿ. ಅವರು ಹೆಸರು ಮೊದಲು ಹೇಳಿ ವಿವರ ಹಿಂದೆ ತರುತ್ತಾರೆ.

ಪೂನಾ ವಾಕ್ಯಕ್ಕೆ ಕಡೆಗೆ "ವೇರ್" ಕೂಡ ಬೇಕಾಗಲಿಲ್ಲ. ಯಾಕೆ ಹೋದರು? ಓದೋಕೆ ಹೋದರು. "ಹೀ ವೆಂಟ್ ಟು ಪೂನಾ ಟು ಸ್ಟಡಿ ಎಂಜಿನಿಯರಿಂಗ್." ಮುದ್ದೇನಹಳ್ಳಿಗೂ "ವಿಚ್" ಬೇಕಾಗಲಿಲ್ಲ. ಹಳ್ಳಿಯ ಹೆಸರಿನ ಪಕ್ಕದಲ್ಲೇ ಒಂದು ಕಾಮಾ ಹಾಕಿ "ಅ ವಿಲೇಜ್ ನಿಯರ್ ಚಿಕ್ಕಬಳ್ಳಾಪುರ" ಅಂತ ಇಟ್ಟರೆ ಮುಗಿಯಿತು. ಗೈಡ್‌ನಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಅಪೊಸಿಷನ್ ಅಂತ. ಜೋಡಿಸುವ ರೀತಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಒಂದು ಪದವೂ ದಂಡ ಇಲ್ಲ.

ತಾತನ ವಾಕ್ಯ

ಉಳಿದದ್ದು "ಹ್ಯಾವಿಂಗ್". ಮೂರನೇ ಸಂಜೆ ಪೂರ್ತಿ ಅದಕ್ಕೇ ಹೋಯಿತು.

"ಹ್ಯಾವಿಂಗ್ ಬಾರ್ನ್ ಇನ್ ಮುದ್ದೇನಹಳ್ಳಿ, ಹಿಸ್ ಫ್ಯಾಮಿಲಿ ವಾಸ್ ಪೂರ್." ಇದರಲ್ಲಿ "ಹ್ಯಾವಿಂಗ್ ಬೀನ್ ಬಾರ್ನ್" ಆಗಬೇಕಿತ್ತು ಅನ್ನುವುದು ಚಿಕ್ಕ ತಪ್ಪು. ದೊಡ್ಡ ತಪ್ಪು ಬೇರೆ. ಇಂಗ್ಲಿಷ್ ಓದುಗನಿಗೆ ಇಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ್ದು ವಿಶ್ವೇಶ್ವರಯ್ಯ ಅನ್ನಿಸುವುದಿಲ್ಲ, ಇಡೀ ಫ್ಯಾಮಿಲಿ ಒಟ್ಟಿಗೆ ಹುಟ್ಟಿದ ಹಾಗೆ ಕೇಳುತ್ತದೆ. "ಹ್ಯಾವಿಂಗ್" ಮಾಡಿದವನೇ ಕಾಮಾ ಆದ ಮೇಲೂ ಕಾಣಿಸಿಕೊಳ್ಳಬೇಕು. ಅದು ನಿಯಮ.

ಅವನಿಗೆ ಇದು ಇಳಿಯಲಿಲ್ಲ. "ನೀರು ಬಂದು ರೈತರು ಭತ್ತ ಬೆಳೆದರು ಅಂತೀವಲ್ಲ ಮೇಡಂ. ಬಂದದ್ದು ನೀರು, ಬೆಳೆದದ್ದು ರೈತರು. ಸರಿಯಾಗೇ ಇದೆಯಲ್ಲ?"

ಕನ್ನಡದಲ್ಲಿ ಸರಿಯಾಗೇ ಇದೆ! "ಮಳೆ ಬಂದು ಕೆರೆ ತುಂಬಿತು." "ಬಸ್ ಕೆಟ್ಟು ಲೇಟಾಯಿತು." ಒಂದು ಆಗಿದ್ದರಿಂದ ಇನ್ನೊಂದು ಆಯಿತು ಅನ್ನುವ ಕಡೆ ಕನ್ನಡ ಕರ್ತೃ ಬದಲಾದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಕೆಡಿಸಿಕೊಳ್ಳುತ್ತದೆ. ಅವನ ತಪ್ಪು ಹುಟ್ಟಿದ್ದೇ ಇಲ್ಲಿ. ಗೈಡ್ ಬರೆದವರು ಕನ್ನಡದ ಹುಡುಗನಿಗೆ ಹೇಳಬೇಕಿದ್ದ ಮಾತೂ ಇದೇ.

ಕಟ್ಟೆಯ ಬಗ್ಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ ಅಂತ ಸುಮ್ನೆ ಕೇಳಿದೆ. ಮಂಡ್ಯದ ಮನೆಗಳಲ್ಲಿ ಕನ್ನಂಬಾಡಿ ಕಟ್ಟೆ ಪಾಠದ ವಿಷಯ ಆಗಿ ಉಳಿದಿಲ್ಲ, ಗೊತ್ತಲ್ಲ. ಮಳೆಗಾಲದಲ್ಲಿ ಬೆಳಗ್ಗೆ ಎದ್ದರೆ ನೀರಿನ ಮಟ್ಟ ಎಷ್ಟು ಅಂತ ಮೊದಲು ಕೇಳುತ್ತಾರೆ. 124.80 ಅಡಿ ಅಂದ್ರೆ ಕಟ್ಟೆ ಭರ್ತಿ ಅಂತ ಅಲ್ಲಿ ಮಗುವಿಗೂ ಗೊತ್ತು. ಹುಡುಗ ಸ್ವಲ್ಪ ಯೋಚಿಸಿ ಅವನ ತಾತ ಹೇಳುವ ಮಾತನ್ನು ತಾತನ ದನಿಯಲ್ಲೇ ಹೇಳಿದ:

"ಕಟ್ಟೆ ಕಟ್ಟಿ, ನಾಲೆ ಬಂದು, ರಾಗಿ ಹೊಲ ಗದ್ದೆಯಾಗಿ, ನಮ್ಮಪ್ಪ ಸಾಲ ತೀರಿಸಿ, ನನ್ನ ಇಸ್ಕೂಲಿಗೆ ಹಾಕ್ದ."

ಈ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯಿಸಿದೆ. ಪೂರ್ಣಕ್ರಿಯಾಪದ ಎಷ್ಟು? ಎಣಿಸಿದ. ಒಂದೇ, "ಹಾಕ್ದ". ಹಾಗಾದರೆ ಕನ್ನಡದ ಲೆಕ್ಕದಲ್ಲಿ ಇದು ಸಾಮಾನ್ಯ ವಾಕ್ಯ. ಕರ್ತೃ ಎಷ್ಟು? ಕಟ್ಟೆ ಕಟ್ಟಿದವರು, ನಾಲೆ, ಹೊಲ, ಅಪ್ಪ. ನಾಲ್ಕು. ಒಂದು ಅಣೆಕಟ್ಟಿನಿಂದ ಶುರುವಾಗಿ ಒಬ್ಬ ಹುಡುಗನ ಸ್ಲೇಟಿನವರೆಗೆ ಬಂದು ನಿಂತಿದೆ, ಅದೂ ಒಂದೇ ಕ್ರಿಯಾಪದದ ಮೇಲೆ. ನಾನು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತುಬಿಟ್ಟೆ. ಇಂಗ್ಲಿಷ್‌ನಲ್ಲಿ ಇದನ್ನು ಒಂದೇ ಸಿಂಪಲ್ ಸೆಂಟೆನ್ಸ್ ಮಾಡಲು ಹೋದರೆ ಕೋರ್ಟಿನ ಆರ್ಡರ್ ಥರ ಆಗುತ್ತದೆ. ಅವನು ಹಟ ಹಿಡಿದನಲ್ಲ ಅಂತ ಒಂದು ಸಲ ಮಾಡಿ ತೋರಿಸಿದೆ: "ದ ಡ್ಯಾಮ್ ಹ್ಯಾವಿಂಗ್ ಬೀನ್ ಬಿಲ್ಟ್, ದ ಕ್ಯಾನಾಲ್ ಹ್ಯಾವಿಂಗ್ ಕಮ್, ದ ರಾಗಿ ಫೀಲ್ಡ್ ಹ್ಯಾವಿಂಗ್ ಬಿಕಮ್ ಅ ಪ್ಯಾಡಿ ಫೀಲ್ಡ್..." ಕರ್ತೃವನ್ನು "ಹ್ಯಾವಿಂಗ್" ಮುಂದೆ ಇಟ್ಟುಬಿಟ್ಟರೆ ಇಂಗ್ಲಿಷ್ ಕೂಡ ಒಪ್ಪುತ್ತದೆ. ಒಪ್ಪುತ್ತದೆ ಅಷ್ಟೇ. ಮನುಷ್ಯರು ಹಾಗೆ ಮಾತಾಡುವುದಿಲ್ಲ.

ಹಾಗಾದರೆ ಬಿಡಿಸಬೇಕು. ಜೋಡಿಸುವ ಪಾಠದಲ್ಲಿ ಬಿಡಿಸುವ ಕೆಲಸ. ಕೊಂಡಿಗಳನ್ನು ಒಂದೊಂದಾಗಿ ಹಿಡಿದು ಕೇಳಿದೆವು: ಈ "ಇ", ಈ "ದು" ಇಲ್ಲಿ ಏನು ಹೇಳುತ್ತಿದೆ? "ನಾಲೆ ಬಂದು ಹೊಲ ಗದ್ದೆಯಾಗಿ" ಅನ್ನುವಲ್ಲಿ ನಾಲೆ ಬಂದಾಗ ಅಂತಲೂ ಇದೆ, ಬಂದಿದ್ದರಿಂದ ಅಂತಲೂ ಇದೆ. ಕನ್ನಡ ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತದೆ, ಬಿಡಿಸಿ ಹೇಳು ಅಂತ ಕೇಳುವುದಿಲ್ಲ. ಇಂಗ್ಲಿಷ್ ಕೇಳುತ್ತದೆ. "ವೆನ್" ಬೇಕಾ, "ಬಿಕಾಸ್" ಬೇಕಾ? ಹುಡುಗ "ವೆನ್" ಅಂದ. ಯಾಕೆ ಅಂದೆ. "ಬಿಕಾಸ್ ಅಂದ್ರೆ ಲೆಕ್ಚರ್ ಥರ ಇರತ್ತೆ. ತಾತ ಲೆಕ್ಚರ್ ಕೊಡಲ್ಲ."

"ಸಾಲ ತೀರಿಸಿ ಸ್ಕೂಲಿಗೆ ಹಾಕಿದ" ಅನ್ನುವಲ್ಲಿ ಎರಡನ್ನೂ ಮಾಡಿದವನು ಒಬ್ಬನೇ. ಇಲ್ಲಿ "ಹ್ಯಾವಿಂಗ್ ಕ್ಲಿಯರ್ಡ್ ಹಿಸ್ ಡೆಟ್ಸ್" ಅಂತ ಧಾರಾಳವಾಗಿ ಹಾಕಬಹುದಿತ್ತು. ಹಾಕಿ ನೋಡಿದ, ಅಳಿಸಿದ. ಹಾಗಂದರೆ ಸಾಲ ತೀರಿಸಿದ್ದು ಪಕ್ಕಕ್ಕೆ ಹೋಗಿಬಿಡುತ್ತದೆ ಅಂದ. ಅವರ ಮನೆಯಲ್ಲಿ ಅದೂ ಸ್ಕೂಲಿನಷ್ಟೇ ದೊಡ್ಡ ವಿಷಯ. ಎರಡೂ ಸಮಕ್ಕೆ ನಿಲ್ಲಬೇಕು ಅಂದರೆ "ಅಂಡ್". ಮೊದಲ ಹಾಳೆಯಲ್ಲಿ ಹನ್ನೊಂದು ಅಂಡ್ ಹಾಕಿದ್ದವನು ಈಗ ಒಂದು ಅಂಡ್ ಹಾಕಲು ಹತ್ತು ನಿಮಿಷ ತೆಗೆದುಕೊಂಡ.

ತಾತ "ಹೇಳ್ತಾರೆ" ಅನ್ನುವುದನ್ನೂ ಸೇರಿಸಬೇಕಿತ್ತು. ಕನ್ನಡದಲ್ಲಿ ಮಾತೆಲ್ಲ ಮುಗಿದ ಮೇಲೆ ಹಿಂದೆ "ಅಂತ" ಬಂದು ಬಾಗಿಲು ಹಾಕುತ್ತದೆ. ಇಂಗ್ಲಿಷ್‌ನಲ್ಲಿ "ದಟ್" ಮುಂದೆ ಬಂದು ಬಾಗಿಲು ತೆರೆಯುತ್ತದೆ. ಅದು ಅವನಿಗೆ ಒಂದೇ ಸಲಕ್ಕೆ ಬಂತು.

"ಹೀ ಬಿಲ್ಟ್ ಅ ಡ್ಯಾಮ್" ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಸಣ್ಣ ಜಟಾಪಟಿ ಆಯಿತು. ಕನ್ನಡದಲ್ಲಿ "ಕಟ್ಟಿದರು" ಬೇರೆ, "ಕಟ್ಟಿಸಿದರು" ಬೇರೆ. ಇಂಗ್ಲಿಷ್ "ಬಿಲ್ಟ್" ಎರಡನ್ನೂ ನುಂಗುತ್ತದೆ. ಕೆಲಸ ಶುರುವಾಗಿದ್ದು 1911ರಲ್ಲಿ, ಅವರು ಚೀಫ್ ಎಂಜಿನಿಯರ್ ಆಗಿದ್ದಾಗ. ಮುಗಿಯುವಷ್ಟರಲ್ಲಿ ಅವರು ದಿವಾನಗಿರಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕಲ್ಲು ಹೊತ್ತವರು, ಮುಳುಗಿದ ಹಳ್ಳಿಗಳನ್ನು ಬಿಟ್ಟು ಎದ್ದವರು ಬೇರೆ ಜನ. ಇದನ್ನೆಲ್ಲ ಒಂದು ವಾಕ್ಯದಲ್ಲಿ ತುರುಕಲು ಆಗಲ್ಲ. ಆದರೆ ಜೋಡಿಸುವಾಗಲೇ ಇಂಥದ್ದು ಕಣ್ಣಿಗೆ ಬೀಳುವುದು. ಬಿಡಿ ವಾಕ್ಯದಲ್ಲಿ "ಹೀ ಬಿಲ್ಟ್ ಅ ಡ್ಯಾಮ್" ಅಂತ ಬರೆದು ಮುಂದೆ ಹೋಗಿಬಿಡಬಹುದು. ಪಕ್ಕದ ವಾಕ್ಯಕ್ಕೆ ಕಟ್ಟಲು ಹೋದಾಗ ಯಾವಾಗ, ಹೇಗೆ, ಆಮೇಲೇನು ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ.

ಮೂಸಿ ಹೊಳೆ

ನಾಲ್ಕನೇ ಸಂಜೆ ಪರೀಕ್ಷೆ ಮಾಡಿದೆ. ವಿಶ್ವೇಶ್ವರಯ್ಯನವರದ್ದೇ ಕಥೆ, ಆದರೆ ಅವನ ಭಾಷಣದಲ್ಲಿ ಇಲ್ಲದ್ದು. "ದ ಮೂಸಿ ಫ್ಲಡೆಡ್ ಹೈದರಾಬಾದ್ ಇನ್ 1908. ದ ಫ್ಲಡ್ ಕಿಲ್ಡ್ ಥೌಸಂಡ್ಸ್. ದ ನಿಜಾಮ್ಸ್ ಗವರ್ನಮೆಂಟ್ ಇನ್ವೈಟೆಡ್ ವಿಶ್ವೇಶ್ವರಯ್ಯ." ಮೂರನ್ನೂ ಮೂರು ಥರ ಜೋಡಿಸು ಅಂದೆ.

ಕಾಂಪೌಂಡ್ ಥಟ್ಟನೆ ಬಂತು, "ಅಂಡ್" ಒಂದು, "ಸೋ" ಒಂದು. ಕಾಂಪ್ಲೆಕ್ಸ್‌ಗೆ "ವೆನ್ ದ ಮೂಸಿ ಫ್ಲಡೆಡ್ ಹೈದರಾಬಾದ್ ಇನ್ 1908, ಕಿಲ್ಲಿಂಗ್ ಥೌಸಂಡ್ಸ್, ದ ನಿಜಾಮ್ಸ್ ಗವರ್ನಮೆಂಟ್ ಇನ್ವೈಟೆಡ್ ವಿಶ್ವೇಶ್ವರಯ್ಯ" ಅಂತ ಬರೆದ. ಆ "ಕಿಲ್ಲಿಂಗ್" ನಾನು ಹೇಳಿಕೊಟ್ಟಿರಲಿಲ್ಲ. ಎಲ್ಲಿಂದ ಬಂತು ಅಂದೆ. ಮೊಬೈಲಿನಲ್ಲಿ ಕ್ರಿಕೆಟ್ ಸುದ್ದಿ ಓದುವಾಗ ನೋಡಿದ್ದನಂತೆ: ಯಾರೋ ಸಿಕ್ಸ್ ಹೊಡೆದರು, "ಟೇಕಿಂಗ್ ಇಂಡಿಯಾ ಹೋಮ್". ನಮ್ಮಲ್ಲಿ ಹೀಗೆ ನೇತಾಡುವ ಮಾತು ಪ್ರಧಾನ ಕ್ರಿಯಾಪದಕ್ಕಿಂತ ಮೊದಲು ಬರಬೇಕು. ಅವರಲ್ಲಿ ಹಿಂದೆಯೂ ನೇತಾಡಬಹುದು. ಇದನ್ನು ಕ್ರಿಕೆಟ್ಟೇ ಹೇಳಿಕೊಟ್ಟಿತ್ತು.

ಸಿಂಪಲ್‌ಗೆ ಸ್ವಲ್ಪ ಒದ್ದಾಡಿದ. ಮೊದಲು "ಹ್ಯಾವಿಂಗ್ ಫ್ಲಡೆಡ್ ಹೈದರಾಬಾದ್, ದ ನಿಜಾಮ್ಸ್ ಗವರ್ನಮೆಂಟ್..." ಅಂತ ಬರೆದು ತಾನೇ ನಕ್ಕ. ನಿಜಾಮರ ಸರ್ಕಾರವೇ ಊರಿಗೆ ನೀರು ನುಗ್ಗಿಸಿದ ಹಾಗಾಯಿತು! ಆಮೇಲೆ "ಆಫ್ಟರ್ ದ ಡೆಡ್ಲಿ ಮೂಸಿ ಫ್ಲಡ್ ಆಫ್ 1908" ಅಂತ ಪ್ರವಾಹವನ್ನೇ ನಾಮಪದ ಮಾಡಿಕೊಂಡ. ಕ್ರಿಯಾಪದ ಒಂದೇ ಉಳಿಯಿತು, "ಇನ್ವೈಟೆಡ್". ಸಿಂಪಲ್ ಮಾಡುವ ಗುಟ್ಟು ಬಹುಪಾಲು ಇಷ್ಟೇ: ಯಾವ ಕ್ರಿಯಾಪದವನ್ನು ನಾಮಪದಕ್ಕೆ ಇಳಿಸಬಹುದು ಅಂತ ನೋಡುವುದು. ಜಾಸ್ತಿ ಇಳಿಸಿದರೆ ಮಾತು ಸರ್ಕಾರಿ ಸುತ್ತೋಲೆ ಆಗುತ್ತದೆ, ಅದೊಂದು ಎಚ್ಚರ ಇರಬೇಕು.

ಕೊನೆಯ ಹಾಳೆ

ಅವನು ಕಡೆಗೆ ಓದಿದ್ದು ಹೀಗಿತ್ತು:

"ವಿಶ್ವೇಶ್ವರಯ್ಯ ವಾಸ್ ಬಾರ್ನ್ ಇನ್ ಮುದ್ದೇನಹಳ್ಳಿ, ಅ ವಿಲೇಜ್ ನಿಯರ್ ಚಿಕ್ಕಬಳ್ಳಾಪುರ. ದೋ ಹಿಸ್ ಫ್ಯಾಮಿಲಿ ವಾಸ್ ಪೂರ್, ಹೀ ಸ್ಟಡೀಡ್ ವೆಲ್ ಅಂಡ್ ವೆಂಟ್ ಟು ಪೂನಾ ಟು ಸ್ಟಡಿ ಎಂಜಿನಿಯರಿಂಗ್. ಹೀ ಬಿಕೇಮ್ ಚೀಫ್ ಎಂಜಿನಿಯರ್ ಆಫ್ ಮೈಸೂರ್ ಇನ್ 1909, ಅಂಡ್ ತ್ರೀ ಇಯರ್ಸ್ ಲೇಟರ್ ದ ಮಹಾರಾಜ ಮೇಡ್ ಹಿಮ್ ದಿವಾನ್. ದ ಡ್ಯಾಮ್ ದಟ್ ಹೀ ಪ್ಲ್ಯಾನ್ಡ್ ಅಟ್ ಕನ್ನಂಬಾಡಿ ವಾಸ್ ಫಿನಿಶ್ಡ್ ಲಾಂಗ್ ಆಫ್ಟರ್ ಹೀ ಲೆಫ್ಟ್ ದಟ್ ಪೋಸ್ಟ್. ಮೈ ಗ್ರ್ಯಾಂಡ್‌ಫಾದರ್ ಸೇಸ್ ದಟ್ ವೆನ್ ದ ಕ್ಯಾನಾಲ್ ಕೇಮ್, ದೇರ್ ರಾಗಿ ಫೀಲ್ಡ್ ಬಿಕೇಮ್ ಅ ಪ್ಯಾಡಿ ಫೀಲ್ಡ್. ಹಿಸ್ ಫಾದರ್ ಕ್ಲಿಯರ್ಡ್ ಹಿಸ್ ಡೆಟ್ಸ್ ಅಂಡ್ ಸೆಂಟ್ ಹಿಮ್ ಟು ಸ್ಕೂಲ್."

ಹನ್ನೆರಡು ವಾಕ್ಯ ಇದ್ದದ್ದು ಆರಾಯಿತು. ಭಾರತ ರತ್ನ ಬಿಟ್ಟುಹೋಗಿದೆ ಅಂತ ನೀವು ಅನ್ನಬಹುದು. ನಾನೂ ಅಂದೆ. ಅದು ಎಲ್ಲರ ಭಾಷಣದಲ್ಲೂ ಇರುತ್ತೆ ಮೇಡಂ, ಬಿಡಿ ಅಂದ. ಮೇಷ್ಟ್ರು ಈ ಸಲ ಒಂದೇ ಜಾಗದಲ್ಲಿ ಕೆಂಪು ಗೆರೆ ಎಳೆದಿದ್ದರು, ಕೊನೆಯ ವಾಕ್ಯದ ಕೆಳಗೆ. ಅಲ್ಲಿ ಯಾರ ಫಾದರ್, ಯಾರ ಡೆಟ್ಸ್, ಯಾರನ್ನು ಸ್ಕೂಲಿಗೆ ಕಳಿಸಿದ್ದು, ಸ್ಪಷ್ಟ ಇಲ್ಲ ಅಂತ. ಅವರ ಮಾತು ಸರಿಯೇ. "ಹಿಸ್, ಹಿಸ್, ಹಿಮ್" ಸಾಲಾಗಿ ಬಂದಿದೆ. ಕನ್ನಡದಲ್ಲಿ "ನಮ್ಮಪ್ಪ" ಅಂದ ಕೂಡಲೇ ಅರ್ಥವಾಗುತ್ತಿದ್ದದ್ದು ಅಲ್ಲಿ ಕಲಸಿಹೋಯಿತು. ನನ್ನ ಕಣ್ಣಿಗೆ ಬೀಳಬೇಕಿತ್ತು, ಬೀಳಲಿಲ್ಲ.

ಅವಸರದಲ್ಲಿ ಬರೆದರೆ ಅವನು ಈಗಲೂ "ದೋ" ಜೊತೆ "ಬಟ್" ಹಾಕುತ್ತಾನೆ. "ವೇರ್" ಜೊತೆ "ದೇರ್" ಮಾತ್ರ ಮತ್ತೆ ಕಾಣಿಸಿಲ್ಲ. "ಹ್ಯಾವಿಂಗ್" ವಿಷಯದಲ್ಲಿ ಇನ್ನೊಂದು ತೊಂದರೆ ಶುರುವಾಗಿದೆ. ಎರಡು ತಿಂಗಳ ಮೇಲೆ ಒಂದು ಸಂಜೆ ಆರೂವರೆಗೆ ಬರಬೇಕಾದವನು ಬರಲಿಲ್ಲ. ಏಳು ಗಂಟೆಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು: "ಮೇಡಂ, ದ ಬಸ್ ಹ್ಯಾವಿಂಗ್ ಬ್ರೋಕನ್ ಡೌನ್, ಐ ವಿಲ್ ಬಿ ಲೇಟ್."

ಬಸ್ ಕೆಟ್ಟಿದೆ ಅಂದಿದ್ದರೆ ಸಾಕಿತ್ತಲ್ಲೋ ಅಂತ ಬರೆದೆ.

"ಕರ್ತೃ ಬೇರೆ ಬೇರೆ ಇತ್ತು ಮೇಡಂ" ಅಂತ ಉತ್ತರ ಬಂತು.